ಪಾಸಿಟಿವ್ ಸಪ್ತಾಹ

ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹತ್ತಿರ, ಗೊಬ್ಬರದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಗುರುಪ್ರಕಾಶನ ಆಫೀಸಿತ್ತು. ಕೆಳಗಿನಿಂದ ಕೀಟನಾಶಕದ ವಾಸನೆ ಏರಿ ಬರುತ್ತಿತ್ತು, ಮೇಲಿನಿಂದ ತಗಡಿನ ಕಾವು ಇಳಿದು ಬರುತ್ತಿತ್ತು. ಎರಡರ ನಡುವೆ ಕೂತು ಅವನೂ ಅವನ ಮೂವರು ನೌಕರರೂ ಹೊಸ ಯುಗದ ವ್ಯಾಪಾರ ನಡೆಸುತ್ತಿದ್ದರು.

ಅದು ಎಂಥ ವ್ಯಾಪಾರ ಎಂದು ಅವನ ಮಾವ ಪರಮಶಿವಪ್ಪ ಒಮ್ಮೆ ಕೇಳಿದ್ದರು. ಗುರುಪ್ರಕಾಶ ತಾಳ್ಮೆಯಿಂದ ವಿವರಿಸಿದ. "ಯಾವುದೋ ಕಂಪನಿಯ ಸಾಮಾನು ಮಾವ. ನಾವು ಅದರ ವಿಡಿಯೋ ಮಾಡಿ ಫೋನಲ್ಲಿ ಲಿಂಕ್ ಹಂಚ್ತೀವಿ. ಆ ಲಿಂಕ್ ಒತ್ತಿ ಯಾರಾದ್ರೂ ತಗೊಂಡ್ರೆ ನಮಗೆ ಕಮಿಷನ್."

"ದಲ್ಲಾಳಿ ಅನ್ನು."

"ಅಲ್ಲ ಮಾವ, ಅಫಿಲಿಯೇಟ್ ಮಾರ್ಕೆಟಿಂಗ್."

"ಅದೇ ಅದೇ," ಎಂದರು ಮಾವ. ನಲವತ್ತು ವರ್ಷ ಮಾರ್ಕೆಟ್ ಯಾರ್ಡಿನಲ್ಲಿ ಮೆಕ್ಕೆಜೋಳ ತೂಗಿಸಿದ ಮನುಷ್ಯ. ಇಂಗ್ಲಿಷ್ ಹೆಸರಿಟ್ಟ ಮಾತ್ರಕ್ಕೆ ಕಸುಬು ಬೇರೆಯಾಗುತ್ತದೆ ಎಂಬ ಜ್ಞಾನ ಅವರಿಗೆ ಇರಲಿಲ್ಲ.

ಮೂವರು ನೌಕರರಲ್ಲಿ ಅಶ್ವಿನಿ ಎಂ.ಕಾಂ. ಓದಿದವಳು. ವಿಡಿಯೋಗಳಿಗೆ ಮಾತು ಬರೆದು ತಾನೇ ದನಿ ಕೊಡುತ್ತಿದ್ದಳು. ಬೆಲ್ಲ ಕರಗಿದ ಹಾಗಿನ ಆ ದನಿಯನ್ನು ಕೇಳಿದವರು ಬೇಡದ ಸಾಮಾನನ್ನೂ ಕೊಳ್ಳುತ್ತಿದ್ದರು. ಸೊರಬದ ಫರ್ದೀನ್ ವಿಡಿಯೋ ತೆಗೆದು ಜೋಡಿಸುತ್ತಿದ್ದ. ಕುಪ್ಪಗಡ್ಡೆಯ ತೀರ್ಥೇಶನ ಕೆಲಸ ಫೋನ್ ಎತ್ತುವುದು. ಹಾಗೆಂದರೆ ಬೈಸಿಕೊಳ್ಳುವುದು.

ಈ ಮೂವರಿಗೂ ಒಂದು ಕಾಯಿಲೆ ಇದೆ ಎಂದು ಗುರುಪ್ರಕಾಶನಿಗೆ ಗೊತ್ತಾದದ್ದು 'ತುಂತುರು ಮ್ಯಾಕ್ಸ್' ಬಂದ ಮೇಲೆ. ಅದೊಂದು ಬ್ಯಾಟರಿ ಪಂಪು. ಬೆನ್ನಿಗೆ ಕಟ್ಟಿಕೊಂಡು ಗದ್ದೆಗೆ ಔಷಧಿ ಹೊಡೆಯುವಂಥದ್ದು. ಬೇರೆ ಪಂಪುಗಳಿಗಿಂತ ಎರಡು ಪಟ್ಟು ಕಮಿಷನ್ ಕೊಡುತ್ತೇವೆ ಎಂದು ಕಂಪನಿ ಹೇಳಿತ್ತು. ಗುರುಪ್ರಕಾಶ ಅದನ್ನು ದೊಡ್ಡ ಮನಸ್ಸು ಎಂದುಕೊಂಡ. ಅಶ್ವಿನಿ, "ಯಾಕೆ ಸರ್ ಅಷ್ಟೊಂದು ಕೊಡ್ತಾರೆ?" ಎಂದು ಕೇಳಿದಳು. ಮೊದಲ ವಿಡಿಯೋ ಹೋಗಿ ಎರಡು ವಾರಕ್ಕೆ ತೀರ್ಥೇಶನ ಫೋನಿಗೆ ಪುರುಸೊತ್ತು ಇಲ್ಲದಾಯಿತು. ಸೋರುತ್ತದೆ ಎಂದು ಒಬ್ಬ, ವಾಪಸ್ ತಗೊಳ್ಳಿ ಎಂದು ಇನ್ನೊಬ್ಬ.

ಫರ್ದೀನ್ ಒಂದು ಭಾನುವಾರ ಆಫೀಸಿನ ಪಂಪನ್ನು ಸೊರಬಕ್ಕೆ ಒಯ್ದು ತಂದೆ ಅಮೀರ್ ಜಾನ್ ಮುಂದೆ ಇಟ್ಟ. ಅಮೀರ್ ಜಾನ್ ಅವರದು ಪಂಪು, ಸ್ಟೌ ರಿಪೇರಿ ಅಂಗಡಿ. ಅವರು ಮುಚ್ಚಳ ಬಿಚ್ಚಿ ಒಳಗೆ ಬೆರಳಾಡಿಸಿ, "ಬೇಟಾ, ಇದು ನೆಟ್ಟಗೆ ನಿಂತ್ರೆ ಸೋರಲ್ಲ. ಬಗ್ಗಿದ್ರೆ ಸೋರ್ತದೆ. ಔಷಧಿ ಹೊಡೆಯೋರು ಬಗ್ಗದೇ ಹೊಡೀತಾರೇನು?" ಎಂದಿದ್ದರು.

ಸೋಮವಾರ ಫರ್ದೀನ್ ಬಂದು ಇದನ್ನು ಹೇಳಿದಾಗ ಗುರುಪ್ರಕಾಶನಿಗೆ ಅವನ ಮೇಲೆ ಕನಿಕರ ಹುಟ್ಟಿತು.

"ನೋಡು ಫರ್ದೀನ್, ನಿಮ್ಮ ತಂದೆಯವರ ಮೇಲೆ ನನಗೆ ಭಾಳ ಗೌರವ ಐತೆ. ಆದ್ರೆ ಅವರು ರಿಪೇರಿ ಮಾಡೋರು. ದಿನಾ ಕೆಟ್ಟದ್ದನ್ನೇ ನೋಡ್ತಾರೆ, ಅವರ ಕಣ್ಣಿಗೆ ಕೆಟ್ಟದ್ದೇ ಬೀಳುತ್ತೆ. ಇದು ಮೈಂಡ್‌ಸೆಟ್."

"ಅಣ್ಣ, ಮುಚ್ಚಳದ ವಾಷರ್ ಸರಿ ಇಲ್ಲ."

"ಅದೇ ನಾನು ಹೇಳಿದ್ದು. ಇಡೀ ಪಂಪಲ್ಲಿ ನಿನಗೆ ಕಂಡಿದ್ದು ವಾಷರ್."

ಆ ವಾರ ಗುರುಪ್ರಕಾಶ ಫೋನಿನಲ್ಲಿ ಒಂದು ತರಬೇತಿ ಕೇಳಿದ. ತಂಡದ ನಕಾರಾತ್ಮಕ ಮನೋಭಾವವನ್ನು ಏಳೇ ದಿನದಲ್ಲಿ ಬದಲಿಸುವುದು ಹೇಗೆ ಎಂಬುದು ವಿಷಯ. ಕಲಿಸಿದಾತ ಕೋಟು ಹಾಕಿಕೊಂಡು, ಸಮಸ್ಯೆ ಎಂಬುದು ಸಾಮಾನಿನಲ್ಲಿ ಇರುವುದೇ ಇಲ್ಲ, ನೋಡುವ ಕಣ್ಣಿನಲ್ಲಿ ಇರುತ್ತದೆ ಎಂದು ಮೂರು ಗಂಟೆ ಹೇಳಿದ. ಗುರುಪ್ರಕಾಶ ಇಪ್ಪತ್ತಾರು ಪುಟ ಬರೆದುಕೊಂಡ. ಮುಗಿಯುವ ಹೊತ್ತಿಗೆ ಅವನ ಕಣ್ಣಂಚು ಒದ್ದೆಯಾಗಿತ್ತು. ಇಷ್ಟು ದಿನ ಪಂಪನ್ನು ಅನುಮಾನಿಸಿದ ಪಾಪದ ಒಂದು ಎಳೆ ಅವನಲ್ಲೂ ಇತ್ತು, ಅದು ತೊಳೆದುಹೋಯಿತು.

ಮರುದಿನವೇ ಆಫೀಸಿನಲ್ಲಿ ಪಾಸಿಟಿವ್ ಸಪ್ತಾಹ ಶುರುವಾಯಿತು.

ಮೊದಲ ದಿನ ಬೆಳಿಗ್ಗೆ ನಾಲ್ವರೂ ದುಂಡಗೆ ನಿಂತು ಐದು ನಿಮಿಷ ಚಪ್ಪಾಳೆ ತಟ್ಟಿದರು. ಕೆಳಗಿನ ಗೊಬ್ಬರದಂಗಡಿಯವನು ಯಾರದೋ ಹುಟ್ಟಿದ ದಿನವೆಂದುಕೊಂಡು ಮೇಲೆ ಬಂದು, ಕೇಕ್ ಕಾಣದೆ ಕೆಳಗೆ ಹೋದ. ಎರಡನೇ ದಿನ ಗುರುಪ್ರಕಾಶ 'ಆಗಲ್ಲ', 'ಸರಿ ಇಲ್ಲ', 'ಬರಲ್ಲ' ಈ ಮೂರು ಮಾತುಗಳನ್ನು ಆಫೀಸಿನಿಂದ ಗಡಿಪಾರು ಮಾಡಿದ. ಹೇಳಲೇಬೇಕಾಗಿ ಬಂದರೆ ಮೊದಲು 'ಇನ್ನೂ' ಎಂದು ಸೇರಿಸಬೇಕು. ಆಗಲ್ಲ ಎಂದರೆ ಬಾಗಿಲು ಮುಚ್ಚಿತು, ಇನ್ನೂ ಆಗಿಲ್ಲ ಎಂದರೆ ಬಾಗಿಲು ತೆರೆದಿದೆ. ಇಪ್ಪತ್ತಾರು ಪುಟಗಳಲ್ಲಿ ಇದು ಒಂಬತ್ತನೆಯದು.

ನೌಕರರು ಕಾನೂನನ್ನು ಅಕ್ಷರಶಃ ಪಾಲಿಸಿದರು.

"ಪಂಪು ಕೆಟ್ಟಿದೆ ಅನ್ಬೇಡ್ರಿ ಅಣ್ಣ," ತೀರ್ಥೇಶ ಫೋನಿನಲ್ಲಿ ಹೇಳುತ್ತಿದ್ದ. "ಇನ್ನೂ ಸರಿ ಆಗಿಲ್ಲ ಅನ್ರಿ." ಆ ಕಡೆಯವರು ಏನೋ ಕೇಳಿದರು. ತೀರ್ಥೇಶ ಗುರುಪ್ರಕಾಶನ ಮುಖ ನೋಡಿ, "ನಮ್ಮನೇಲಿ ಬುದ್ಧಿ ಇನ್ನೂ ಹೇಳಿಲ್ಲ ಅಣ್ಣ," ಎಂದ.

"ಎಡಿಟಿಂಗ್ ಮುಗೀತಾ?" ಎಂದು ಫರ್ದೀನನನ್ನು ಕೇಳಿದರೆ, "ಇನ್ನೂ ಶುರು ಆಗಿಲ್ಲ ಅಣ್ಣ," ಎಂದು ನಗುತ್ತ ಊಟಕ್ಕೆ ಹೋದ. ವಾಕ್ಯ ನಿಯಮದ ಪ್ರಕಾರ ಸರಿಯಾಗಿದ್ದುದರಿಂದ ಗುರುಪ್ರಕಾಶನಿಗೆ ಬೈಯಲು ದಾರಿ ಕಾಣಲಿಲ್ಲ.

ಮೂರನೇ ದಿನದಿಂದ ಪ್ರತಿಯೊಬ್ಬರೂ ಬೆಳಿಗ್ಗೆ ಮೂರು ಒಳ್ಳೆಯ ಸಂಗತಿ ಹೇಳಬೇಕಿತ್ತು. ಅಶ್ವಿನಿ ಎದ್ದು ನಿಂತಳು.

"ಒಂದು, ನಿನ್ನೆ ನಾಲ್ಕೇ ಫೋನ್ ಬಂದಿದ್ದು. ಎರಡು, ಆ ನಾಲ್ವರಲ್ಲಿ ಒಬ್ಬರು ಬೈಯಲಿಲ್ಲ. ಮೂರು, ಆ ಒಬ್ಬರದು ರಾಂಗ್ ನಂಬರ್."

"ಅಶ್ವಿನಿ, ಇದರಲ್ಲಿ ಒಳ್ಳೇದು ಏನಮ್ಮ?"

"ಹುಡುಕಿ ಸರ್, ಸಿಗುತ್ತೆ. ನೀವೇ ಹೇಳಿಕೊಟ್ಟಿದ್ದು."

ಗುರುಪ್ರಕಾಶ ಕೋಪ ಮಾಡಿಕೊಳ್ಳಲಿಲ್ಲ. ನಕಾರಾತ್ಮಕ ವ್ಯಕ್ತಿಗಳು ಮೊದಮೊದಲು ವ್ಯಂಗ್ಯ ಮಾಡುತ್ತಾರೆ, ಅದು ಗುಣವಾಗುವ ಲಕ್ಷಣ ಎಂದು ಹದಿನಾಲ್ಕನೇ ಪುಟದಲ್ಲಿತ್ತು. ಆ ಲೆಕ್ಕದಲ್ಲಿ ಅಶ್ವಿನಿ ಭಾಳ ಬೇಗ ಗುಣವಾಗುತ್ತಿದ್ದಳು.

ಆದರೂ ಅವನಿಗೆ ಒಳಗೊಳಗೇ ಒಂದು ನೋವಿತ್ತು. ರೀಚಾರ್ಜ್ ಅಂಗಡಿ ಮುಚ್ಚಿ, ಹೆಂಡತಿಯ ಮನೆಯವರ ಮಾತು ಕೇಳಿಸಿಕೊಂಡು, ಒಬ್ಬನೇ ಶುರು ಮಾಡಿದ ಕೆಲಸ ಇದು. ಇವರು ಮೂವರೂ ಜಾಣರು. ಅವರು ಮನಸ್ಸು ಮಾಡಿದರೆ ಏನು ಬೇಕಾದರೂ ಆದೀತು ಎಂದು ಅವನು ನಿಜವಾಗಿಯೂ ನಂಬಿದ್ದ. ಅವರು ಮನಸ್ಸು ಮಾಡದೆ ವಾಷರ್ ನೋಡುತ್ತಿದ್ದರು.

ಹಾಗಾಗಿ ಏಳನೇ ದಿನಕ್ಕೆ ಅವನು ದೊಡ್ಡ ಕಾರ್ಯಕ್ರಮವನ್ನೇ ಇಟ್ಟುಕೊಂಡ. ತಂಡವನ್ನು ಕರೆದುಕೊಂಡು ಹೋಗಿ ಒಬ್ಬ ಸಂತೃಪ್ತ ಗ್ರಾಹಕನನ್ನು ಕಣ್ಣಾರೆ ತೋರಿಸುವುದು. ಅವನ ಹೊಲದಿಂದಲೇ ಫೋನಿನಲ್ಲಿ ಲೈವ್ ಮಾಡುವುದು.

"ಪಂಪು ತಗೊಂಡೂ ಒಂದು ಕಂಪ್ಲೇಂಟ್ ಮಾಡದೆ ಇರೋರು ಯಾರಿದ್ದಾರೆ ನೋಡು," ಎಂದು ತೀರ್ಥೇಶನಿಗೆ ಹೇಳಿದ.

ತೀರ್ಥೇಶ ಪಟ್ಟಿ ನೋಡಿದ. ಅವನ ಊರಿನವರೇ ಒಬ್ಬರು ಸಿಕ್ಕರು. ಗಂಗಾಧರಪ್ಪ, ಕುಪ್ಪಗಡ್ಡೆ. ತೀರ್ಥೇಶನ ಕೈಲೇ ಲಿಂಕ್ ಹಾಕಿಸಿಕೊಂಡು ಪಂಪು ತರಿಸಿದ್ದರು, ಆಮೇಲೆ ಚಕಾರ ಎತ್ತಿರಲಿಲ್ಲ.

"ನೋಡಿದ್ರಾ?" ಎಂದ ಗುರುಪ್ರಕಾಶ ಎಲ್ಲರಿಗೂ ಕೇಳುವ ಹಾಗೆ. "ಇಂಥೋರು ಇರ್ತಾರೆ. ನಾವು ಹುಡುಕಲ್ಲ ಅಷ್ಟೇ."

ಭಾನುವಾರ ಬೆಳಿಗ್ಗೆ ಗುರುಪ್ರಕಾಶನ ಹಳೇ ಕಾರಿನಲ್ಲಿ ನಾಲ್ವರೂ ಶಿರಾಳಕೊಪ್ಪ ದಾಟಿ, ಸೊರಬ ದಾಟಿ ಕುಪ್ಪಗಡ್ಡೆ ಸೇರಿದರು. ಸಂದರ್ಭಕ್ಕೆಂದು ಗುರುಪ್ರಕಾಶ ಬಿಳಿ ಪ್ಯಾಂಟು, ಬಿಳಿ ಶರ್ಟು ಹಾಕಿದ್ದ. ಗಂಗಾಧರಪ್ಪ ಅರವತ್ತರ ಆಸುಪಾಸಿನವರು, ಮಾತು ಕಡಿಮೆ. ಮೈಮೇಲೆ ಅಂಗಿ ಇರಲಿಲ್ಲ, ತೆಳ್ಳನೆಯ ಒಂದು ಪಂಚೆಯನ್ನು ಹೆಗಲಿನಿಂದ ಸೊಂಟದವರೆಗೆ ಸಡಿಲವಾಗಿ ಹೊದ್ದಿದ್ದರು. ಅವರ ಹೆಂಡತಿ ರಾಜೇಶ್ವರಮ್ಮ ಎಲ್ಲರಿಗೂ ಮಂಡಕ್ಕಿ, ಚಾ ಕೊಟ್ಟರು. ಅಶ್ವಿನಿಯ ಕೈಗೆ ಲೋಟ ಕೊಡುವಾಗ ಮಾತ್ರ, "ನೀವೇನಾ ವಿಡಿಯೋದಾಗೆ ಮಾತಾಡದು?" ಎಂದು ಕೇಳಿದರು. ಅಶ್ವಿನಿ ಹೌದೆಂದಳು. ರಾಜೇಶ್ವರಮ್ಮ ಅವಳನ್ನೇ ಒಂದು ಗಳಿಗೆ ನೋಡಿ ಒಳಗೆ ಹೋದರು.

"ಪಂಪು ಹೆಂಗೈತ್ರಿ ಯಜಮಾನ್ರೆ?" ಎಂದು ಗುರುಪ್ರಕಾಶ ಕೇಳಿದ.

"ಐತಿ," ಎಂದರು ಗಂಗಾಧರಪ್ಪ.

ಸಂತೃಪ್ತಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಏನು ಬೇಕು. ಗುರುಪ್ರಕಾಶ ಗದ್ದೆಯ ಬದುವಿನ ಮೇಲೆ ನಿಂತು, ಅವರ ಪಂಪಿಗೇ ಕಂಠಮಟ್ಟ ನೀರು ತುಂಬಿಸಿ, ನಾಯಕನಾದವನು ಮುಂದೆ ನಿಂತು ಮಾಡಿ ತೋರಿಸಬೇಕು ಎಂಬ ಮಾತಿನಂತೆ ತಾನೇ ಬೆನ್ನಿಗೆ ಏರಿಸಿಕೊಂಡ. ಫರ್ದೀನ್ ಏನೋ ಹೇಳಲು ಬಾಯಿ ತೆರೆದು, ನಿಯಮ ನೆನಪಾಗಿ ಮುಚ್ಚಿಕೊಂಡ. ಅಶ್ವಿನಿ ಫೋನ್ ಹಿಡಿದು ಲೈವ್ ಒತ್ತಿದಳು.

ಹತ್ತು ನಿಮಿಷ ಎಲ್ಲವೂ ಚೆನ್ನಾಗಿ ನಡೆಯಿತು. ಗುರುಪ್ರಕಾಶ ಧ್ವಜಸ್ತಂಭದ ಹಾಗೆ ನೆಟ್ಟಗೆ ನಿಂತು ಎಡಕ್ಕೂ ಬಲಕ್ಕೂ ನೀರು ಸಿಂಪಡಿಸಿದ. ಮುನ್ನೂರು ಜನ ನೋಡುತ್ತಿದ್ದರು. ಕೆಲವರು ಸುಮ್ಮನೆ ಮಾತಾಡುತ್ತಾರೆ, ಒಂದು ಹನಿ ಸೋರಿದ್ದರೆ ತೋರಿಸಲಿ ಎಂದು ಸವಾಲು ಹಾಕಿದ. ಆಮೇಲೆ ಅವನಿಗೆ ಒಂದು ಒಳ್ಳೆಯ ಉಪಾಯ ಹೊಳೆಯಿತು. ರೈತನೇ ದೇವರು ಎಂದು ಹೇಳಿ ಗಂಗಾಧರಪ್ಪನವರ ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದ.

ಮೊದಲು ಕುತ್ತಿಗೆಗೆ ತಣ್ಣಗೆ ಏನೋ ತಾಗಿತು. ಆಮೇಲೆ ಮುಚ್ಚಳವೇ ಜಾರಿತು. ಉಳಿದಿದ್ದ ಹತ್ತು ಲೀಟರ್ ನೀರು ತಲೆಯ ಮೇಲಿಂದ, ಬೆನ್ನ ಮೇಲಿಂದ, ಬಿಳಿ ಪ್ಯಾಂಟಿನ ಒಳಗಿಂದ ಹಾದು ಗಂಗಾಧರಪ್ಪನವರ ಪಾದ ತೊಳೆಯಿತು. ಕಾರ್ಯಕ್ರಮದಲ್ಲಿ ಇಲ್ಲದ ಪಾದಪೂಜೆ ಅದು.

"ಸರ್, ಲೈವ್ ನಿಲ್ಲಿಸಲಾ?" ಎಂದು ಅಶ್ವಿನಿ ಕೇಳಿದಳು.

ಮೂಗಿಗೆ ಬಾಯಿಗೆ ನೀರು ಹೊಕ್ಕಿದ್ದರಿಂದ ಗುರುಪ್ರಕಾಶನಿಗೆ ಮಾತು ಹೊರಡಲಿಲ್ಲ. ಅಶ್ವಿನಿ ಅದನ್ನು ಬೇಡ ಎಂದು ತಿಳಿದಳು. ಮೂರು ಸಾವಿರ ಜನ ನೋಡುತ್ತಿದ್ದರು.

ಗಂಗಾಧರಪ್ಪ ನಗಲಿಲ್ಲ. ಅವನ ರಟ್ಟೆ ಹಿಡಿದು ಎಬ್ಬಿಸಿ, ಪಂಪು ಕಳಚಿ ಬದುವಿನ ಮೇಲೆ ಇಟ್ಟರು. ಮುಖ ಒರೆಸಿಕೊಳ್ಳಲು ಕೊಡೋಣವೆಂದು ತಾವು ಹೊದ್ದಿದ್ದ ಪಂಚೆಯನ್ನೇ ತೆಗೆದರು. ಆಗ ಅವರ ಬೆನ್ನು ಕಂಡಿತು. ಎಡ ಹೆಗಲಿನಿಂದ ಸೊಂಟದ ತನಕ ನೀರು ಹರಿದ ದಾರಿಯ ಹಾಗೆಯೇ ಚರ್ಮ ಸುಲಿದು, ಅಲ್ಲಲ್ಲಿ ಕಪ್ಪು ಕಟ್ಟಿ, ಕೆಲವು ಕಡೆ ಇನ್ನೂ ಕೆಂಪಗೆ ಹಸಿಯಾಗಿತ್ತು.

"ನೀವು ನೀರು ಹಾಕ್ಕಂಡಿದ್ರಿ," ಎಂದರು ಗಂಗಾಧರಪ್ಪ. "ನಾನು ಔಷಧಿ ಹಾಕಿದ್ದೆ."

 ಗುರುಪ್ರಕಾಶ ಪಂಚೆಯನ್ನು ಮುಖಕ್ಕೆ ಒಯ್ಯದೆ ಕೈಯಲ್ಲೇ ಹಿಡಿದು, "ಒಂದು ಫೋನ್ ಮಾಡಬಾರದಿತ್ತಾ ಯಜಮಾನ್ರೆ?" ಎಂದ. ಅವನ ದನಿ ಅವನಿಗೇ ಸಣ್ಣದಾಗಿ ಕೇಳಿತು.

ಉತ್ತರ ಕೊಟ್ಟವರು ರಾಜೇಶ್ವರಮ್ಮ. "ನಾನು ಮಾಡಾಣ ಅಂದೆ. ಇವರೇ ಬ್ಯಾಡ ಅಂದ್ರು. ಫೋನ್ ಎತ್ತದೂ ವಿಡಿಯೋದ ಹುಡುಗೀನೇ ಅಂದ್ಕಂಡಿದ್ರು. ಆ ಹುಡುಗಿ ದನಿ ಕೇಳಿದ್ರೆ ತನ್ನ ತಂಗಿ ಮಗಳು ಮಾತಾಡಿದಂಗೆ ಐತಿ, ಬೈಯಾಕೆ ಮನಸ್ಸು ಬರಲ್ಲ ಅಂದ್ರು."

 ಅಶ್ವಿನಿ ಲೈವ್ ನಿಲ್ಲಿಸಿದಳು, ಬದುವಿನ ಆ ತುದಿಗೆ ಹೋಗಿ ಬೆನ್ನು ಹಾಕಿ ನಿಂತುಕೊಂಡಳು. ಅವಳನ್ನು ಕರೆಯುವ ಧೈರ್ಯ ಗುರುಪ್ರಕಾಶನಿಗೆ ಬರಲಿಲ್ಲ. ಇಪ್ಪತ್ತಾರು ಪುಟಗಳಲ್ಲಿ ಎಲ್ಲಾದರೂ ಒಂದು ವಾಕ್ಯ ಸಿಕ್ಕೀತೇ ಎಂದು ಮನಸ್ಸಿನಲ್ಲೇ ಹುಡುಕಿದ. ತರಬೇತಿಯವನು ಬೆನ್ನುಗಳ ಬಗ್ಗೆ ಏನೂ ಹೇಳಿರಲಿಲ್ಲ.

ವಾಪಸ್ ಬರುವಾಗ ಗುರುಪ್ರಕಾಶ ಸೊರಬದಲ್ಲಿ ಅಮೀರ್ ಜಾನ್ ಅಂಗಡಿ ಮುಂದೆ ಕಾರು ನಿಲ್ಲಿಸಿದ. ನಡೆದದ್ದನ್ನು ಫರ್ದೀನ್ ತಂದೆಗೆ ಹೇಳಿದ. ತನ್ನ ಮಾತು ನಿಜವಾಯಿತು ಎಂದು ಅವರು ಒಂದು ಸಲವಾದರೂ ಹೇಳಿಯಾರು ಎಂದು ಕಾದ. ಹೇಳಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅಮೀರ್ ಜಾನ್ ಒಣಗಿದ ಲುಂಗಿಯೊಂದನ್ನು ಕೊಟ್ಟು, ಚಾ ತರಿಸಿ, "ಆ ಯಜಮಾನ್ರನ್ನ ಡಾಕ್ಟರಿಗೆ ಯಾರು ತೋರಿಸ್ತಾ ಇದಾರೆ?" ಎಂದಷ್ಟೇ ಕೇಳಿದರು.

"ಯಾರೂ ಇಲ್ಲ. ಮನೇಲೇ ಕೊಬ್ಬರಿ ಎಣ್ಣೆ ಹಚ್ತಿದಾರಂತೆ."

"ಮತ್ತೆ ಇಲ್ಲೇನು ಕೂತಿದೀರಿ?"

ಮರುದಿನ ಗುರುಪ್ರಕಾಶ ಗಂಗಾಧರಪ್ಪನವರನ್ನು ಕಾರಿನಲ್ಲಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿದ. ಹೋಗುವಾಗ ಬರುವಾಗ ಅವರು ಸೀಟಿಗೆ ಒರಗದೆ ಮುಂದಕ್ಕೆ ಬಾಗಿ ಕೂತಿದ್ದರು. ರಸ್ತೆಯ ಒಂದೊಂದು ಗುಂಡಿಗೂ ಗುರುಪ್ರಕಾಶ ಕಾರನ್ನು ನಿಧಾನ ಮಾಡಿದ.

ಆಸ್ಪತ್ರೆಯ ಹೊರಗೆ ನಿಂತಿದ್ದಾಗ ಪಂಪಿನ ಕಂಪನಿಯಿಂದ ಫೋನ್ ಬಂತು. ಮಾತಾಡಿದವನು ಯಾವುದೋ ವಲಯದ ಮುಖ್ಯಸ್ಥ, ಬಹಳ ಪ್ರೀತಿಯ ದನಿ. ಅಷ್ಟು ಹೊತ್ತಿಗೆ ಲೈವ್ ವಿಡಿಯೋ ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಎಲ್ಲ ವಾಟ್ಸಾಪ್ ಗುಂಪುಗಳಲ್ಲಿ ಸುತ್ತಾಡಿ ಹಾನಗಲ್ಲಿನ ಕಡೆ ಹೊರಟಿತ್ತು.

"ಗುರುಪ್ರಕಾಶ್ ಜೀ, ಒಂದು ಚಿಕ್ಕ ಘಟನೆ. ಅದನ್ನೇ ಹಿಡ್ಕೊಂಡು ಕೂರಬಾರದು. ಸಮಸ್ಯೆ ಪಂಪಲ್ಲಿ ಇರಲ್ಲ, ನೋಡೋ ದೃಷ್ಟೀಲಿ ಇರುತ್ತೆ. ಆ ವಿಡಿಯೋ ತೆಗೆದುಬಿಡಿ. ಹೊಸದೊಂದು ಮಾಡಿ, ಪಾಸಿಟಿವ್ ಆಗಿ. ನಿಮ್ಮ ಕಮಿಷನ್ ಇನ್ನಷ್ಟು ಮಾಡೋಣ."

ಗುರುಪ್ರಕಾಶ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು ನೋಡಿದ. ತನ್ನ ಮಾತು ಬೇರೆಯವರ ಬಾಯಲ್ಲಿ ಇಷ್ಟು ಕೆಟ್ಟದಾಗಿ ಕೇಳುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಒಂದು ವಾರದಿಂದ ಆ ಮೂವರು ಇದನ್ನು ಕೇಳಿಸಿಕೊಂಡು ಚಪ್ಪಾಳೆ ಬೇರೆ ತಟ್ಟಿದ್ದರು.

"ಒಂದು ಕೆಲಸ ಮಾಡ್ರಿ ಸರ್," ಎಂದ. "ಆ ಪಂಪಿಗೆ ನೀರು ತುಂಬಿ ನೀವೇ ಬೆನ್ನಿಗೆ ಹಾಕ್ಕೊಂಡು ಒಂದ್ಸಲ ಬಗ್ಗಿ. ಕೋಟು ಹಾಕಿದ್ರೆ ತೆಗೆದಿಡ್ರಿ."

ಸಂಜೆಯೊಳಗೆ ಕಂಪನಿಯಲ್ಲಿ ಅವನ ಖಾತೆ ಬಂದ್ ಆಯಿತು. ಬಂದ ಮೇಲ್‌ನಲ್ಲಿ ಕಾರಣವಾಗಿ 'ಸಹಭಾಗಿಯ ನಕಾರಾತ್ಮಕ ಮನೋಭಾವ' ಎಂದಿತ್ತು.

ಮಂಗಳವಾರ ಆಫೀಸಿಗೆ ಬಂದರೆ ಅಶ್ವಿನಿ ರಾಜೀನಾಮೆ ಬರೆದು ಮೇಜಿನ ಮೇಲೆ ಇಟ್ಟಿದ್ದಳು. ಎರಡೇ ಸಾಲು. ಗುರುಪ್ರಕಾಶ ಓದಿ ಅವಳ ಎದುರಿನ ಕುರ್ಚಿಯಲ್ಲಿ ಕೂತ.

"ನನ್ನ ಮೇಲೆ ಸಿಟ್ಟಾ?"

"ನಿಮ್ಮ ಮೇಲೂ ಇದೆ ಸರ್. ಆದರೆ ಪಂಪು ಸರಿ ಇಲ್ಲ ಅಂತ ಗೊತ್ತಾದ ಮೇಲೂ ಎರಡು ವಿಡಿಯೋಗೆ ದನಿ ಕೊಟ್ಟಿದ್ದು ನಾನು. ಬಾಯಲ್ಲಿ ವಾದ ಮಾಡ್ತಾ, ಕೈಯಲ್ಲಿ ನೀವು ಹೇಳಿದ್ದನ್ನೇ ಬರೀತಾ ಇದ್ದೆ. ಅವರು ನನ್ನ ನಂಬಿ ತಗೊಂಡಿದ್ದು."

ಗುರುಪ್ರಕಾಶ ರಾಜೀನಾಮೆಯ ಎರಡು ಸಾಲನ್ನು ಇನ್ನೊಮ್ಮೆ ಓದಿದ.  "ಪಂಪು ತಗೊಂಡವರಿಗೆಲ್ಲ ಬಳಸಬೇಡಿ ಅಂತ ಹೇಳಬೇಕು. ಅದಕ್ಕೂ ನಿನ್ನ ದನೀನೇ ಬೇಕಲ್ಲಮ್ಮ," ಎಂದ.

ಅಶ್ವಿನಿ ಆ ಕೆಲಸ ಮುಗಿಸಿಯೇ ಹೋಗುತ್ತೇನೆಂದಳು. ಅವಳ ದನಿಯ ಎಚ್ಚರಿಕೆ ಎಲ್ಲ ಗುಂಪುಗಳಿಗೂ ಹೋಯಿತು. ದೂರು ಹೇಳಿದವರಿಗೆಲ್ಲ ತೀರ್ಥೇಶ ತಾನೇ ಫೋನ್ ಮಾಡಿ, ಪಂಪು ವಾಪಸ್ ಕಳಿಸುವ ಅರ್ಜಿಗಳನ್ನು ತುಂಬಿಕೊಟ್ಟ. ಒಂದು ಫೋನನ್ನು ಗುರುಪ್ರಕಾಶನೂ ಎತ್ತಿದ. ಆನವಟ್ಟಿಯ ರೈತರೊಬ್ಬರು ಹನ್ನೆರಡು ನಿಮಿಷ ಉಸಿರು ತೆಗೆದುಕೊಳ್ಳದೆ ಅವನ ವಂಶವೃಕ್ಷವನ್ನು ವಿಚಾರಿಸಿಕೊಂಡರು. ಫೋನ್ ಇಟ್ಟ ಮೇಲೆ ಅವನು ತೀರ್ಥೇಶನ ಕಡೆ ನೋಡಿ, "ದಿನಾ ಹಿಂಗೇನಾ?" ಎಂದು ಕೇಳಿದ.

"ಇವರು ಪರವಾಗಿಲ್ಲ ಅಣ್ಣ. ಮರ್ಯಾದಸ್ತರು."

ಫರ್ದೀನ್ ನಕ್ಕ. ಆಮೇಲೆ ಅಶ್ವಿನಿಯೂ ನಕ್ಕಳು. ಯಾರೂ ಹೇಳಿಕೊಡದೆ ಆ ಕೋಣೆಯಲ್ಲಿ ಎಲ್ಲರೂ ಸೇರಿ ನಕ್ಕು ಬಹಳ ದಿನವಾಗಿತ್ತು. ನಾಲ್ಕು ದಿನ ಬಾಯಿ ಒಣಗುವಷ್ಟು ಕೆಲಸವಾಯಿತು, ಯಾರೂ ಗೊಣಗಲಿಲ್ಲ.

ಐದನೇ ದಿನ ಅಶ್ವಿನಿ, ತಾನು ಇಲ್ಲೇ ಉಳಿಯಬೇಕಾದರೆ ಎಂದು ಒಂದು ಷರತ್ತು ಹಾಕಿದಳು. ಯಾವ ಸಾಮಾನೇ ಬರಲಿ, ತಾನು ಎಂಟು ದಿನ ಬಳಸಿ ನೋಡುವ ತನಕ ದನಿ ಕೊಡುವುದಿಲ್ಲ, ಯಂತ್ರವಾದರೆ ಅಮೀರ್ ಜಾನ್ ಬಿಚ್ಚಿ ನೋಡಿರಬೇಕು. ಗುರುಪ್ರಕಾಶ ಒಪ್ಪಿದ. ಇದರಿಂದ ವ್ಯಾಪಾರ ದುಪ್ಪಟ್ಟಾಯಿತು ಎಂದು ಹೇಳಿದರೆ ಕೇಳುವುದಕ್ಕೆ ಚೆನ್ನಾಗಿರುತ್ತಿತ್ತು. ಹಾಗೇನೂ ಆಗಲಿಲ್ಲ. ಬಂದ ಹತ್ತು ಸಾಮಾನಿನಲ್ಲಿ ಏಳನ್ನು ಅಮೀರ್ ಜಾನ್ ಅವರೇ ಹಿಂದಕ್ಕೆ ತಳ್ಳುತ್ತಿದ್ದರು. ಆಫೀಸು ಮುಚ್ಚಲಿಲ್ಲ, ಅಷ್ಟೇ.

ದೀಪಾವಳಿಗೆ ಮುಂಚೆ ತಲೆಗೆ ಕಟ್ಟಿಕೊಳ್ಳುವ ಬ್ಯಾಟರಿಯೊಂದು ಬಂತು, ಕತ್ತಲಲ್ಲಿ ಗದ್ದೆಗೆ ನೀರು ಕಟ್ಟಲು ಹೋಗುವವರಿಗೆ ಎಂದು. ಅಶ್ವಿನಿ ಅದನ್ನು ಕಟ್ಟಿಕೊಂಡು ಎಂಟು ದಿನ ಓಡಾಡಿ ಬಂದಳು.

"ಬೆಳಕು ಚೆನ್ನಾಗಿದೆ ಸರ್. ಪಟ್ಟಿ ಮಾತ್ರ ಕಿವಿ ಕೊಯ್ಯುತ್ತೆ. ಎರಡನ್ನೂ ಹೇಳ್ತೀನಿ."

ಗುರುಪ್ರಕಾಶ ಅವಳ ಕಿವಿ ನೋಡಿದ. ಹಿಂಭಾಗ ಕೆಂಪಾಗಿತ್ತು. "ಕಿವಿದು ಮೊದಲು ಹೇಳು," ಎಂದ. ಫರ್ದೀನ್ ಕ್ಯಾಮೆರಾ ಆನ್ ಮಾಡಿದ.